ಸತ್ಕಾರದ ಗೋಡೆ

ಆ ಮಳೆಗಾಲ ನಿಮಗೆ ಎಷ್ಟಕ್ಕೆ ಬಿತ್ತು ಎಂದು ಈಗಲೂ ಕೇಳುವವರಿದ್ದಾರೆ. ನಾನು ಅಂಗಡಿಯವಳು, ಬೆಲೆ ಮೊದಲೇ ಹೇಳಿಬಿಡುತ್ತೇನೆ. ಗಣಪತಿ ಹಬ್ಬದ ವ್ಯಾಪಾರ ಪೂರ್ತಿ ಹೋಯಿತು. ಬಲಗೈ ಬೆರಳ ತುದಿಗಳು ಎಷ್ಟು ಸವೆದವೆಂದರೆ, ಬ್ಯಾಂಕಿನಲ್ಲಿ ಹೆಬ್ಬೆರಳು ಒತ್ತುವ ಮಷೀನು ದೀಪಾವಳಿ ಮುಗಿಯುವವರೆಗೆ ನನ್ನನ್ನು ಗುರುತಿಸಲಿಲ್ಲ. ಮೆಹರುನ್ನಿಸಾ ಅಕ್ಕೋರು ನನ್ನ ಅಂಗಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು. ಎಲ್ಲದರಲ್ಲಿ ದುಬಾರಿ ಇದೇ. ಇಷ್ಟನ್ನೂ ಕೊಟ್ಟದ್ದು ಒಂದು ಸಣ್ಣ ಗವಿಯ ಒಂದು ಗೋಡೆಯ ಸಲುವಾಗಿ, ಅದರ ಮೇಲೆ ಸಾಲಾಗಿ ನಡೆದಿದ್ದ ಆಕಳುಗಳ ಸಲುವಾಗಿ. ಕೊಟ್ಟ ಬೆಲೆಗೆ ತಕ್ಕ ಮಾಲು ಕೈಗೆ ಬರಲಿಲ್ಲ.

ಕಳೆದ ವಾರ ಜುಗೂಳದಿಂದ ಒಬ್ಬಾತ ಅಟ್ಟದ ಮೇಲಿದ್ದ ಹಳೆಯ ತಾಮ್ರದ ಹಂಡೆಯನ್ನು ಬದಲಿಗೆ ಕೊಡಲು ತಂದ. ಮುಚ್ಚಳ ತೆಗೆದೆ. ಬಾವಲಿ ಹಿಕ್ಕೆ, ನೆಂದ ಮಸಿ, ವರ್ಷಗಟ್ಟಲೆ ಬಿಸಿಲು ಕಾಣದ ತಂಪು, ಮೂರೂ ಕೂಡಿದ ವಾಸನೆ ಮುಖಕ್ಕೆ ಬಡಿಯಿತು. ತೂಕಕ್ಕೆ ಹಾಕುವುದನ್ನು ಮರೆತು ನಿಂತುಬಿಟ್ಟೆ.

"ಏನಾತ್ರಿ ಅಕ್ಕಾ, ತಳಾ ತೂತು ಬಿದ್ದೈತೇನ್ರಿ?" ಎಂದು ಆತ ಗಾಬರಿಯಾದ.

ತಳ ಗಟ್ಟಿಯೇ ಇತ್ತು. ನನಗೆ ಗವಿ ನೆನಪಾಗಿತ್ತು.

ನಾನು ಬೇಡಕಿಹಾಳದವಳು. ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆ ಸೀರೆ ತೆಗೆದುಕೊಂಡು ಸ್ಟೀಲು ಪಾತ್ರೆ ಕೊಡುತ್ತ ಓಣಿ ಓಣಿ ತಿರುಗಿದವಳು. ಈಗ ಚಿಕ್ಕೋಡಿ ಪೇಟೆಯಲ್ಲಿ ನನ್ನದೇ ಭಾಂಡೆ ಅಂಗಡಿ ಇದೆ. ಕೌಂಟರಿನ ಮೇಲೆ ಪಾತ್ರೆಗೆ ಹೆಸರು ಹೊಡೆಯುವ ಮಷೀನು ಇದೆ. ಲೋಟ ಎಷ್ಟೇ ಸಣ್ಣದಿರಲಿ, ಅದರ ಮೇಲೆ ಅತ್ತೆ, ಮಾವ, ತಂದವರು, ಕೊಟ್ಟವರು, ಊರು, ತಾಲೂಕು ಎಲ್ಲವೂ ಬರಬೇಕು ಎನ್ನುವ ಗಿರಾಕಿಗಳನ್ನು ನೋಡುತ್ತ ಬಂದವಳು ನಾನು. ಹೆಸರಿನ ಹಸಿವು ಎಂಥದ್ದೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ.

ಆ ವರ್ಷ ಆಷಾಢದಲ್ಲಿ ಅಂಗಡಿ ಖಾಲಿ ಇತ್ತು. ನನ್ನ ಮಗಳಿಗೆ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದ್ದ ಮೆಹರುನ್ನಿಸಾ ಅಕ್ಕೋರು ಬಂದರು. ರಿಟೈರಾಗಿ ನಿಪ್ಪಾಣಿಯಲ್ಲಿದ್ದರು. ಹಿತ್ತಾಳೆ ತಿಕ್ಕುವ ಮೆತ್ತನೆ ಬ್ರಶ್ಶು ಇದ್ದಷ್ಟೂ ಬೇಕು ಎಂದರು.

"ಇಷ್ಟ್ಯಾಕ್ರಿ ಅಕ್ಕೋರ? ಮನ್ಯಾಗ ಏನರ ಕಾರ್ಯಕ್ರಮ ಐತೇನು?"

"ಗೋಡಿ ತೊಳಿಯೂದೈತಿ."

"ಗೋಡಿಗೆ ಇಷ್ಟು ಮೆತ್ತನ್ನ ಬ್ರಶ್ಶು?"

"ಆ ಗೋಡಿ ಮುದುಕಿ ಆಗೈತಿ ಕಮಲಾ. ಚರ್ಮಾ ತೆಳ್ಳಗೈತಿ."

ಸರಿ, ಬ್ರಶ್ಶಿನ ಜೊತೆ ನಾನೂ ಹೋದೆ. ಕಡಿಮೆ ದರಕ್ಕೆ ಕೊಟ್ಟ ಮಾಲು ಎಲ್ಲಿಗೆ ಹೋಗುತ್ತದೆ ಎಂದು ನೋಡಿಕೊಳ್ಳುವುದು ನನ್ನ ಚಟ.

ಗವಿ ಇರುವುದು ರಾಯಬಾಗದ ಕಡೆಯ ಒಂದು ಕರಿಕಲ್ಲಿನ ಗುಡ್ಡದಲ್ಲಿ. ಊರ ಹೆಸರು ಬರೆಯುವುದಿಲ್ಲ. ಬರೆದರೆ ಬರುವ ಭಾನುವಾರವೇ ಅಲ್ಲಿಗೆ ಗಾಡಿಗಳು ತಿರುಗುತ್ತವೆ. ಮೊದಲು ಅಲ್ಲಿಗೆ ದನ ಕಾಯುವವರು ಬಿಟ್ಟರೆ ಯಾರೂ ಹೋಗುತ್ತಿರಲಿಲ್ಲ. ಯಾರೋ ಮಳೆಯಲ್ಲಿ ಅಲ್ಲಿ ರೀಲು ಮಾಡಿ ಫೋನಿನಲ್ಲಿ ಬಿಟ್ಟಿದ್ದರು. ಅಲ್ಲಿಂದ ಶುರುವಾಯಿತು ಜಾತ್ರೆ. ಒಳಗೆ ಕಾಲಿಟ್ಟರೆ ಕಲ್ಲೇ ಕಾಣುತ್ತಿರಲಿಲ್ಲ. ಬಾಣ ಚುಚ್ಚಿದ ಹೃದಯಗಳು, ಮೊಬೈಲ್ ನಂಬರುಗಳು, ಕ್ರಿಕೆಟ್ ತಂಡದ ಹೆಸರು, ಕನ್ನಡದಲ್ಲಿ ಒಂದು ಬೈಗುಳ, ಅದಕ್ಕೆ ಮರಾಠಿಯಲ್ಲಿ ಉತ್ತರ. ಇದ್ದಿಲು, ಆಯಿಲ್ ಪೇಂಟು, ಸ್ಪ್ರೇ, ಮೊಳೆ, ಕೈಗೆ ಸಿಕ್ಕಿದ್ದರಿಂದೆಲ್ಲ ಬರೆದಿದ್ದರು. ಅದನ್ನು ಒಮ್ಮೆ ನೋಡಿ ಬಂದ ಅಕ್ಕೋರಿಗೆ ಸುಮ್ಮನಿರಲು ಆಗಿರಲಿಲ್ಲ.

ನೀರು ಹೊಡೆಯಲು ಅಕ್ಕೋರು ಕರೆಸಿದ್ದ ಅಲಖನೂರಿನ ಅಪ್ಪಾಸಾಹೇಬನೂ ಅಲ್ಲಿದ್ದ. ಕಬ್ಬಿನ ಹೊಲದವನು, ನಮ್ಮ ಮನೆಯವರ ಗೆಳೆಯ, ನನಗೆ ಅತ್ತಿಗೆಯೆಂದು ವೈನಿ ಎನ್ನುತ್ತಾನೆ. ಔಷಧಿ ಹೊಡೆಯುವ ಹೊಸ ಪಂಪು ಬೆನ್ನಿಗೆ ಕಟ್ಟಿಕೊಂಡು, ಕೈಯಲ್ಲಿ ಪಾಯಿಖಾನೆ ತೊಳೆಯುವ ಆ್ಯಸಿಡ್ಡಿನ ಕ್ಯಾನು ಹಿಡಿದು ಬಂದಿದ್ದ.

"ವೈನಿ, ಇದನ್ನ ಹೊಡದ್ರ ಸಂಜಿಕ ಗವಿ ಥಳಥಳ ಅಂತೈತಿ ನೋಡ್ರಿ."

ಅಕ್ಕೋರು ಕ್ಯಾನನ್ನು ಕಸಿದುಕೊಂಡರು. "ನಿನ್ನ ಮಾರಿಗೆ ಹೊಡಕೊಂಡು ತೋರಸ್ತೀಯೇನು ಮೊದಲ?"

"ನನ್ನ ಮಾರಿ ಥಳಥಳ ಆದ್ರ ಮನ್ಯಾಗ ಒಳಗ ಬಿಟಗೊಳ್ಳಂಗಿಲ್ರೀ!"

ನಕ್ಕೆವು. ಆ ಮಳೆಗಾಲದಲ್ಲಿ ಮನಸ್ಸು ಬಿಚ್ಚಿ ನಕ್ಕದ್ದು ಆ ಮೊದಲ ದಿನ ಮಾತ್ರ ಎಂದು ನನಗೆ ಅನಿಸುತ್ತದೆ.

ಕೆಲಸ ಹೀಗೆ. ಅಪ್ಪಾಸಾಹೇಬ ಪಂಪಿನಿಂದ ಬರೀ ನೀರನ್ನು ಮಂಜಿನ ಹಾಗೆ ಬಿಡಬೇಕು. ನಾವು ಬ್ರಶ್ಶಿನಿಂದ ಒಂದೇ ದಿಕ್ಕಿಗೆ ಒರೆಸಬೇಕು, ತಿಕ್ಕುವ ಹಾಗಿಲ್ಲ. ಸಂದಿನ ಬಣ್ಣವನ್ನು ಬಿದಿರು ಕಡ್ಡಿಯಿಂದ ಎಬ್ಬಿಸಬೇಕು. ಆಯಿಲ್ ಪೇಂಟಿಗೆ ಮುಲ್ತಾನಿ ಮಣ್ಣಿನಲ್ಲಿ ಅಕ್ಕೋರು ಏನೋ ಔಷಧಿ ಕಲಸಿ ಮೆತ್ತುತ್ತಿದ್ದರು. ಅದು ಒಣಗುತ್ತ ಬಣ್ಣವನ್ನು ಹೀರಿಕೊಳ್ಳುತ್ತಿತ್ತು. ಇಡೀ ದಿನ ದುಡಿದರೆ ಒಂದು ಊಟದ ತಟ್ಟೆಯಷ್ಟು ಜಾಗ ಕಲ್ಲಾಗಿ ಕಾಣುತ್ತಿತ್ತು.

ವಾರದ ಕೊನೆಯ ಜಾತ್ರೆ ಮುಗಿದು ಮಂಗಳವಾರ ಬಂದು ನೋಡಿದರೆ ಅದೇ ತಟ್ಟೆಯಷ್ಟು ಜಾಗದಲ್ಲಿ ಹೊಸ ಹೆಸರು.

ತೊಳೆದ ಜಾಗವೇ ಬರೆಯುವವರಿಗೆ ಹಿಡಿಸುತ್ತಿತ್ತು. ಹೊಲಸು ಗೋಡೆಯಲ್ಲಿ ತಮ್ಮ ಹೆಸರು ಯಾರಿಗೆ ಕಾಣಬೇಕು? ನಾವು ಅವರಿಗೆ ಪಾಟಿ ಒರೆಸಿ ಕೊಟ್ಟಂತೆ ಆಗಿತ್ತು. ಇದು ತಿಳಿದ ದಿನ ಅಪ್ಪಾಸಾಹೇಬ ಪಂಪು ಕೆಳಗಿಟ್ಟು, "ಇದು ಮುಗಿಯೂ ಕೆಲಸ ಅಲ್ಲ ವೈನಿ, ಮನೀಗ ಹೋಗೂಣು" ಎಂದ. ಅಕ್ಕೋರು ಮತ್ತೆ ಮಣ್ಣು ಕಲಸಿದರು.

ಆಗ ನಾನು ನನ್ನ ವಿದ್ಯೆ ತೆಗೆದೆ. ಗವಿಯ ಬಾಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತೆ. ಬರುವವರ ಕೈಯನ್ನೇ ನೋಡುವುದು. ಮೊಳೆ, ಕೀಲಿ, ಸೀಮೆಸುಣ್ಣದ ಖಡು, ಸ್ಪ್ರೇ ಡಬ್ಬಿ ಕಂಡರೆ ಕರೆದು ಅದನ್ನು ಕೊಟ್ಟು ಚಮಚ ತೆಗೆದುಕೊಂಡು ಹೋಗು ಎನ್ನುವುದು.

ಒಂದು ಜೋಡಿ ಬೈಕಿನಲ್ಲಿ ಬಂತು. ಹುಡುಗನ ಕೈಯಲ್ಲಿ ಕಂಪಾಸಿನ ಮುಳ್ಳು.

"ಏನ್ ಬರಿಯಾವ?"

"ಏನಿಲ್ರಿ ಮಾವಶಿ, ಬರೇ ಇಬ್ಬರ ಹೆಸರು."

"ಮದುವಿ ಆಗೈತೇನು?"

ಹುಡುಗಿ ನೆಲ ನೋಡಿದಳು. ಹುಡುಗ, "ಇನ್ನೂ ಇಲ್ರಿ," ಎಂದ.

"ಮತ್ತ ಕಲ್ಲಿನ ಮ್ಯಾಲ ಯಾಕ ಬರೀತಿ? ನಾಳಿ ಇಕಿ ಬ್ಯಾರೆಯವನ್ನ ಮಾಡಿಕೊಂಡ್ರ ಅಳಸಾಕ ಬರ್ತೀಯೇನು? ಅಂಗಡಿಗೆ ಬಾ, ಮದುವಿ ದಿನಾ ಇಬ್ಬರ ಹೆಸರೂ ಹಂಡೇದ ಮ್ಯಾಲ ಹೊಡಸಿ ಕೊಡ್ತೀನಿ."

ಹುಡುಗಿ ಮುಳ್ಳನ್ನು ಅವನ ಕೈಯಿಂದ ತೆಗೆದು ನನ್ನ ಬುಟ್ಟಿಗೆ ಹಾಕಿ, ಚಮಚ ಆರಿಸಿಕೊಂಡಳು. ದೊಡ್ಡದನ್ನೇ ಆರಿಸಿದಳು, ಸಂಸಾರಕ್ಕೆ ಆಗುವ ಹುಡುಗಿ.

ಇಂಥವರು ಬಂದರೆ ಗೆದ್ದೆ. ಆದರೆ ಶ್ರಾವಣ ಸೋಮವಾರಗಳಲ್ಲಿ ಟೆಂಪೋ ತುಂಬಿ ಬಂದರೆ ಒಂದು ಬುಟ್ಟಿ ಎಲ್ಲಿ ಸಾಲಬೇಕು? ನಾನು ಒಬ್ಬನ ಜೊತೆ ಚೌಕಾಶಿ ಮಾಡುವಾಗ ಹಿಂದಿನಿಂದ ಐದಾರು ಮಂದಿ ಒಳಗೆ ಹೋಗುತ್ತಿದ್ದರು. ಕರ್ಪೂರ ಹಚ್ಚುವವರು, ಫೋಟೋ ಚೆನ್ನಾಗಿ ಬರಲೆಂದು ಗೋಡೆಗೆ ನೀರು ಎರಚುವವರು, ಮಗುವಿನ ಅಂಗೈಗೆ ಕುಂಕುಮ ಹಚ್ಚಿ ಗೋಡೆಗೆ ಒತ್ತಿಸುವ ಅಜ್ಜಿಯರು. ಯಾರೂ ಕೆಟ್ಟವರಲ್ಲ, ನಮ್ಮದೇ ಮಂದಿ. ಹೊತ್ತು ಮುಳುಗುವಾಗ ಗುಡ್ಡ ಇಳಿಯುತ್ತ ಮೂವರೂ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಒಬ್ಬರು ಬಿಟ್ಟು ಹೋಗುತ್ತಾರೆ ಎಂಬ ಹೆದರಿಕೆ.

ಆಕಳುಗಳು ಕಂಡದ್ದು ಆ ದಿನಗಳಲ್ಲೇ.

ಒಳಗಿನ ಗೋಡೆಯಲ್ಲಿ ದಪ್ಪ ಮಸಿ ಕಟ್ಟಿತ್ತು, ಅದರ ಮೇಲೆ ನೀಲಿ ಪೇಂಟು. ಅಕ್ಕೋರು ಒಣಗಿದ ಮಣ್ಣನ್ನು ಎಬ್ಬಿಸಿದಾಗ ಕಲ್ಲಿನಲ್ಲಿ ಒಂದು ಗೀರು ಕಾಣಿಸಿತು. ಯಾರೋ ಮೊಳೆಯಿಂದ ಗೀರಿದ್ದೆಂದು ನಾನು ಬೈಯಲು ಬಾಯಿ ತೆರೆದೆ. ಅಕ್ಕೋರು ಕೈ ಎತ್ತಿ ತಡೆದರು. ಗೀರು ಬಾಗಿ ಕೊಂಬಾಯಿತು, ಕೊಂಬಿನ ಕೆಳಗೆ ಕಿವಿ ಬಂತು. ವಾರ ಕಳೆಯುವಷ್ಟರಲ್ಲಿ ಒಂದು ಸಾಲು ಆಕಳುಗಳು ಎಡಕ್ಕೆ ಮುಖ ಮಾಡಿ ನಡೆದು ಬಂದವು. ಮುಂದಿನದರ ಹಿಂದೆ ಒಂದು ಕರು. ಅದು ಮಾತ್ರ ಕುತ್ತಿಗೆ ತಿರುಗಿಸಿ ಹಿಂದೆ ಬರುವ ತಾಯಿಯ ಕಡೆ ನೋಡುತ್ತಿತ್ತು. ತಾಯಿ ಮೂತಿ ಮುಂದೆ ಚಾಚಿತ್ತು. ಎಷ್ಟು ಹಳೆಯದೋ ಯಾರಿಗೆ ಗೊತ್ತು? ಗೆರೆ ಕೂದಲಿನಷ್ಟು ತೆಳು.

ಅಕ್ಕೋರು ಒದ್ದೆ ನೆಲದ ಮೇಲೆ ಕುಳಿತುಬಿಟ್ಟರು. "ಇಷ್ಟು ವರ್ಷ ಹುಡುಗೂರಿಗೆ ಆಕಳಾ ತಗಿಯಾಕ ಕಲಿಸೀನಿ ಕಮಲಾ. ಈ ಕುತಿಗಿ ತಿರುವು ನನಗ ಒಮ್ಮಿಯೂ ಬಂದಿಲ್ಲ."

ಹಳೆಯ ಸ್ಮಾರಕಗಳನ್ನು ನೋಡಿಕೊಳ್ಳುವ ಇಲಾಖೆಯ ಒಬ್ಬ ಅಧಿಕಾರಿಗೆ ಅಕ್ಕೋರು ಫೋಟೋ ಕಳಿಸಿದರು. ದಸರೆಯ ಮುಂಚೆ ಬಂದು ನೋಡುತ್ತೇನೆ, ಕಣ್ಣಾರೆ ಕಂಡರೆ ಗವಿಯನ್ನು ಇಲಾಖೆಯ ಸುಪರ್ದಿಗೆ ತೆಗೆದುಕೊಳ್ಳಲು ಬರೆಯಬಹುದು, ಬೇಲಿಯೂ ಕಾವಲುಗಾರನೂ ಬರಬಹುದು ಎಂದು ಅವರು ಹೇಳಿದರು. ಅಲ್ಲಿಯವರೆಗೆ ಆ ಗೋಡೆ ಉಳಿಯಬೇಕು. ಇಷ್ಟೇ ಕೆಲಸ.

ಅದಕ್ಕೆ ಮೂವರೂ ಕೂಡಿ ಒಂದು ಲೆಕ್ಕ ಹಾಕಿದೆವು. ಆಕಳು ಸಿಕ್ಕಿವೆ ಎಂದು ಗೊತ್ತಾದರೆ ಮತ್ತೆ ರೀಲು, ಮತ್ತೆ ಟೆಂಪೋ. ಒಳ್ಳೆಯ ಮಾಲನ್ನು ಗಿರಾಕಿ ಕುದುರುವ ತನಕ ಹೊರಗೆ ಇಡಬಾರದು ಎಂಬುದು ಅಂಗಡಿಯಲ್ಲಿ ನಡೆಯುವ ಮಾತು, ಇಲ್ಲೂ ನಡೆಯುತ್ತದೆ ಎನಿಸಿತು. ಅಕ್ಕೋರು ಆಕಳುಗಳ ಮೇಲೆ ಮುಲ್ತಾನಿ ಮಣ್ಣನ್ನು ತೆಳುವಾಗಿ ಮೆತ್ತಿದರು. ಸಾಲು ಪೂರ್ತಿ ಮುಚ್ಚಿತು. ನೋಡಿದವರಿಗೆ ಬರೀ ಸಪಾಟು ಗೋಡೆ, ಅದರ ಮೇಲೆ ಸ್ವಲ್ಪ ಮಣ್ಣು. ಊರಿನಲ್ಲಿ ಯಾರಿಗೂ ಹೇಳಲಿಲ್ಲ. ತಾತ್ಯಾನಿಗೂ ಹೇಳಲಿಲ್ಲ.

ತಾತ್ಯಾ ಎಂದರೆ ಆ ಊರ ಹಿರಿಯ, ಗುಡ್ಡದ ದೇವರ ಕಮಿಟಿಯವನು, ಬಿಳಿ ಟೋಪಿ, ದೊಡ್ಡ ದನಿ. ಮೊದಮೊದಲು ನಮ್ಮನ್ನು ನಿಧಿ ಅಗೆಯುವವರೆಂದು ಸಂಶಯಪಟ್ಟು, ಕಲ್ಲಿನ ಮೇಲೆ ಕುಳಿತು ಕಾಯುತ್ತಿದ್ದ. ಇಬ್ಬರು ಹೆಣ್ಣುಮಕ್ಕಳು ಮಳೆಯಲ್ಲಿ ನೆನೆಯುತ್ತ ಗೋಡೆ ಒರೆಸುವುದನ್ನು ನೋಡಿ ನೋಡಿ ಅವನ ಮನಸ್ಸು ಕರಗಿತು. ಮನೆಯಿಂದ ರೊಟ್ಟಿ, ಝುಣಕ ಬರತೊಡಗಿದವು.

"ಅಕ್ಕೋರ, ನಮ್ಮ ದೇವರ ಗುಡ್ಡಕ್ಕ ನೀವು ಇಷ್ಟು ಮಾಡಾಕತ್ತೀರಿ. ನಮ್ಮ ಮಂದಿಗೆ ಅಕಲ್ ಇಲ್ಲ. ಇದನ್ನ ಊರು ಮರಿಯಾಂಗಿಲ್ರಿ."

"ಮರತ್ರ ಮರೀರಿ ತಾತ್ಯಾ, ಬರೀಬ್ಯಾಡ್ರಿ ಅಷ್ಟ," ಎಂದು ನಾನು ನಗೆಚಾಟಿಕೆ ಮಾಡಿದೆ. ಅವನೂ ನಕ್ಕ.

ಗಣಪತಿ ಹಬ್ಬ ಬಂತು, ಹೋಯಿತು. ಮಾಲು ತರಲು ನಾನು ಹೋಗಲೇ ಇಲ್ಲ. ಎದುರಿನ ಅಂಗಡಿಯವನು ನನ್ನ ಗಿರಾಕಿಗಳಿಗೆಲ್ಲ ಆರತಿ ತಟ್ಟೆ ಮಾರಿದ. ಹಬ್ಬ ಮುಗಿಯುತ್ತಲೇ ಮಳೆ ಜಡಿಯಿತು. ಒದ್ದೆಯಲ್ಲಿ ನಿಂತು ನಿಂತು ಅಕ್ಕೋರಿಗೆ ಜ್ವರ ಹಿಡಿಯಿತು. ಅಪ್ಪಾಸಾಹೇಬನ ಹೊಲದ ಒಡ್ಡು ಒಡೆದು ಕಬ್ಬಿಗೆ ನೀರು ನುಗ್ಗಿತು. ನಾನು ಅಕ್ಕೋರ ಹಾಸಿಗೆಯ ಪಕ್ಕ ಗಂಜಿ ಹಿಡಿದು ಕುಳಿತೆ. ಜ್ವರದಲ್ಲೂ ಅವರದೊಂದೇ ಮಾತು, "ಮಣ್ಣು ಹಸಿ ಆಗೇತೇನು, ಉದುರೇತೇನು, ಯಾರರ ನೋಡ್ಯಾರೇನು?"

ತಾತ್ಯಾನ ಫೋನು ಬಂತು. "ಎಲ್ಲಾರೂ ಬರ್ರಿ. ನಿಮ್ಮದು ಸತ್ಕಾರ ಇಟ್ಟೀವಿ."

ಶಾಲು, ತೆಂಗಿನಕಾಯಿ ಇರಬೇಕು ಎಂದುಕೊಂಡೆವು. ಮೈಯಲ್ಲಿ ನಿಶ್ಶಕ್ತಿ ಇದ್ದರೂ ಅಕ್ಕೋರು ಬಂದರು. ಗುಡ್ಡದ ಕೆಳಗೆ ಹಲಗೆ ಬಾರಿಸುತ್ತಿದ್ದರು. ಹೆಣ್ಣುಮಕ್ಕಳು ಆರತಿ ಎತ್ತಿದರು. ಗವಿಯೊಳಗೆ ಮಂದಿ ಕಿಕ್ಕಿರಿದಿತ್ತು. ಒಳಗೋಡೆಗೆ ಜರಿಯಂಚಿನ ಹಸಿರು ಬಟ್ಟೆ ಇಳಿಬಿಟ್ಟು, ಅದಕ್ಕೊಂದು ದಾರ ಕಟ್ಟಿದ್ದರು. ಆ ಜಾಗವನ್ನು ನೋಡಿದ ಕೂಡಲೇ ಅಕ್ಕೋರು ನನ್ನ ತೋಳು ಹಿಡಿದರು. ಅವರ ಉಗುರು ಚುಚ್ಚಿದ್ದು ಈಗಲೂ ನೆನಪಿದೆ.

"ನೀವ ಜಗ್ಗಬೇಕ್ರಿ ಅಕ್ಕೋರ," ಎಂದ ತಾತ್ಯಾ.

ಅಕ್ಕೋರು ಜಗ್ಗಲಿಲ್ಲ. ತಾತ್ಯಾನೇ ಅವರ ಕೈಯನ್ನು ದಾರಕ್ಕೆ ತಾಗಿಸಿ ಜಗ್ಗಿದ.

ಬಟ್ಟೆ ಬಿತ್ತು. ಕಲ್ಲಿನಲ್ಲಿ ಬೆರಳು ಹುಗಿಯುವಷ್ಟು ಆಳಕ್ಕೆ ಕೊರೆದ ಅಕ್ಷರ, ಅದರೊಳಗೆ ಬಂಗಾರದ ಬಣ್ಣ. ಗವಿಯನ್ನು ಉಳಿಸಿದ ಪುಣ್ಯವಂತರು. ಮೊದಲ ಹೆಸರು ಮೆಹರುನ್ನಿಸಾ ಅಕ್ಕೋರದು, ಎರಡನೆಯದು ನನ್ನದು, ಮೂರನೆಯದು ಅಪ್ಪಾಸಾಹೇಬನದು. ಮಂದಿ ಚಪ್ಪಾಳೆ ತಟ್ಟಿದರು.

"ಇದರಷ್ಟು ಚೊಕ್ಕ ಜಾಗಾ ಇಡೀ ಗವಿಯಾಗ ಇರಲಿಲ್ರಿ," ತಾತ್ಯಾ ಸಂಭ್ರಮದಲ್ಲಿ ಹೇಳುತ್ತಿದ್ದ. "ಬರೇ ಮಣ್ಣ ಮೆತ್ತಿತ್ತು, ತೊಳದ ತಗದ್ವಿ. ಕೆಳಗ ಒಂದೆರಡು ಸಣ್ಣ ಗೀರು ಇದ್ದೂ, ಮಂದಿ ಮೊಳಿಲೆ ಗೀರಿದ್ದು ಬಿಡ್ರಿ. ಕಲ್ಲ ಕೆತ್ತಾವ ಮಷೀನ್ ಹಚ್ಚಿ ಕೊರದಾನ. ಏನ್ ಮಾಡಿದ್ರೂ ಹೋಗಂಗಿಲ್ಲ. ಮೊಮ್ಮಕ್ಕಳ ತನಕಾ ಇರ್ತೈತಿ. ಅಕ್ಕೋರ ಹೆಸರು ಮೊದಲ ಇರಬೇಕು ಅಂತ ಕಮಿಟ್ಯಾಗ ಎಲ್ಲಾರೂ ಒಂದ ಮಾತು ಅಂದಾರ್ರಿ."

ನಾನು ಎಡಕ್ಕೆ ನೋಡಿದೆ. ಮುಂದಿನ ಆಕಳು ಇತ್ತು, ಕರು ಇತ್ತು. ಕರುವಿನ ಮೂತಿಯ ಮುಂದೆಯೇ 'ಮೆ' ಅಕ್ಷರ. ತಾಯಿಯ ಮೂತಿ, ಕೊಂಬು, ಬೆನ್ನು ಎಲ್ಲ ಪುಡಿಯಾಗಿ ನೆಲದಲ್ಲಿ ಬಿದ್ದಿತ್ತು, ಅದರ ಮೇಲೆ ಹೂವು. ಹಿಂದಿನ ಆಕಳುಗಳು ಒಂದೂ ಉಳಿದಿರಲಿಲ್ಲ.

ಅಕ್ಕೋರು ಕೂಗಾಡಲಿಲ್ಲ. ಶಾಲು ಹೊದಿಸಿದಾಗ ತಲೆ ಬಾಗಿಸಿದರು, ಕೈ ಮುಗಿದರು. ಗುಡ್ಡ ಇಳಿಯುವಾಗ ಅಪ್ಪಾಸಾಹೇಬ ಹಸುಗೂಸಿನ ಹಾಗೆ ಅತ್ತ. ಅಕ್ಕೋರು ಅಳಲಿಲ್ಲ. "ಕೊರದಾವ ಅಕ್ಷರ ಭಾಳ ಚಂದ ತಗದಾನ," ಎಂದರು. ಅಷ್ಟೇ.

ಅಧಿಕಾರಿ ಹೇಳಿದ ಮಾತಿನಂತೆ ದಸರೆಯ ಮುಂಚೆ ಬಂದರು. ಟಾರ್ಚು ಹಿಡಿದು ಬಹಳ ಹೊತ್ತು ನೋಡಿದರು. ಕರುವಿನ ಮುಂದೆ ಮಂಡಿಯೂರಿ ಕುಳಿತರು. ನಂತರ ಹೆಸರುಗಳನ್ನು ಓದಿ, ನಮ್ಮ ಮೂವರ ಮುಖಗಳನ್ನು ಒಂದೊಂದಾಗಿ ನೋಡಿದರು. ಹಿಂದಿನ ಫೋಟೋ, ಈಗಿನ ಗೋಡೆ ಎರಡನ್ನೂ ಸೇರಿಸಿ ಬರೆಯುತ್ತೇನೆ, ಆದರೆ ಇಷ್ಟು ಉಳಿದದ್ದಕ್ಕೆ ಮೇಲಿನವರು ಒಪ್ಪುವುದು ಕಷ್ಟ ಎಂದರು. ಒಪ್ಪಲಿಲ್ಲ.

ಹಿಂದೆ ನಿಂತಿದ್ದ ತಾತ್ಯಾನಿಗೆ ಆಗಲೇ ಎಲ್ಲ ತಿಳಿದದ್ದು. ಫೋಟೋದಲ್ಲಿ ಆಕಳು ನೋಡಿದ, ಗೋಡೆ ನೋಡಿದ, ಟೋಪಿ ತೆಗೆದ.

"ಹೇಳಿದ್ರ ನಾ ನನ್ನ ಎದೀ ಅಡ್ಡ ಇಡತಿದ್ನಿ," ಎಂದ. "ಯಾಕ ಹೇಳಲಿಲ್ರಿ ನಮಗ? ನಾವೇನು ಕಳ್ಳರೇನ್ರಿ?"



ಮರುದಿನ ಬೆಳಿಗ್ಗೆ ಅಪ್ಪಾಸಾಹೇಬ ಫೋನು ಮಾಡಿದ. ತಾತ್ಯಾ ಕಲ್ಲು ಕೆತ್ತುವವನನ್ನು ಕರೆದುಕೊಂಡು, ಗ್ರೈಂಡರ್ ಹೊರಿಸಿಕೊಂಡು ಗುಡ್ಡಕ್ಕೆ ಹೊರಟಿದ್ದಾನೆ, ಹೆಸರುಗಳನ್ನು ಉಜ್ಜಿ ಸಪಾಟು ಮಾಡುತ್ತಾನಂತೆ. ಅಂಗಡಿ ತೆರೆದಂತೆಯೇ ಬಿಟ್ಟು ಓಡಿದೆ. ನಾನು ಮುಟ್ಟುವಾಗ ಗ್ರೈಂಡರ್ ಆಗಷ್ಟೇ ಗುಂಯ್ಗುಡತೊಡಗಿತ್ತು. ಕರುವಿನ ಮುಂದೆ ಬೆನ್ನು ಕೊಟ್ಟು ನಿಂತೆ.

"ಅತ್ತಾಗ ಸರೀರಿ ಕಮಲಾಬಾಯಿ. ನನ್ನ ಪಾಪ ನಾ ಅಳಸ್ತೀನಿ."

"ಅಳಸಾಕ ಹೋದ್ರ ಕರೂನೂ ಹೋಗತೈತಿ ತಾತ್ಯಾ. ಧೂಳು, ನಡಕ, ಮಷೀನಿನ ಗಾಲಿ. ಬಿಟ್ಟಬಿಡ್ರಿ."

"ನನ್ನ ಮೊಮ್ಮಗ ಕೇಳತಾನ, ಆಕಳಾ ಯಾರ ಕಡದ್ರಪಾ ಅಂತ. ಏನ್ ಹೇಳ್ಲಿ?"

"ಹೆಸರು ನಮ್ಮವ ಅದಾವಲ್ಲ, ನಾವ ಕಡದ್ವಿ ಅಂತ ಹೇಳ್ರಿ."

ಜೀವನದಲ್ಲಿ ಎಷ್ಟೋ ಚೌಕಾಶಿ ಮಾಡಿದ್ದೇನೆ. ಅಷ್ಟು ಗಟ್ಟಿಯಾಗಿ ಹಿಡಿದು ಕುಳಿತದ್ದು ಅದೊಂದೇ. ನಾನು ಕೇಳುತ್ತಿದ್ದುದು ಏನನ್ನು? ಯಾರೂ ಏನೂ ಮಾಡಬೇಡಿ ಎಂಬುದನ್ನು. ಹೊತ್ತು ನೆತ್ತಿಗೆ ಬರುವ ತನಕ ವಾದಿಸಿದೆ, ಬೈದೆ, ಕೊನೆಗೆ ತಾತ್ಯಾನ ಕಾಲು ಹಿಡಿಯಲು ಬಗ್ಗಿದೆ. ಅವನು ಹಿಂದೆ ಸರಿದು, ಮಷೀನು ಬಂದ್ ಮಾಡಿಸಿ, ಅಲ್ಲೇ ಕುಸಿದು ಕುಳಿತ.

ಹೆಸರುಗಳು ಹಾಗೇ ಇವೆ. ತಾತ್ಯಾ ಗೋಡೆಯ ಮುಂದೆ ಬಿದಿರಿನ ತಡೆ ಕಟ್ಟಿಸಿದ. ಆದರೂ ಬರುವವರು ಅದರೊಳಗೆ ಕೈ ಚಾಚಿ, ನಮ್ಮ ಹೆಸರಿನ ಕೆಳಗೆ ತಮ್ಮದನ್ನು ಗೀರುತ್ತಾರೆ. ತಾತ್ಯಾ ಬೈದರೆ, "ಇವರ ಹೆಸರಿಗೆ ಬಂಗಾರದ ಬಣ್ಣಾ, ನಮ್ಮ ಹೆಸರಿಗೆ ಬೈಗಳಾ?" ಎಂದು ಕೇಳುತ್ತಾರಂತೆ. ಅಕ್ಕೋರು ಆಮೇಲೆ ಆ ಗುಡ್ಡಕ್ಕೆ ಹೋಗಲಿಲ್ಲ. ಒಮ್ಮೆ ಅಂಗಡಿಗೆ ಬಂದಿದ್ದರು. ಕೌಂಟರಿನಲ್ಲಿ ಯಾರದೋ ತಂಬಿಗೆಗೆ ಮಷೀನು ಹೆಸರು ಹೊಡೆಯುತ್ತಿತ್ತು. ಆ ಸದ್ದು ಕೇಳುತ್ತಲೇ ಎದ್ದರು. "ಬರ್ತೀನಿ ಕಮಲಾ," ಎಂದರು. ಮತ್ತೆ ಬರಲಿಲ್ಲ. ನಾನೇ ನಿಪ್ಪಾಣಿಗೆ ಹೋಗುತ್ತೇನೆ. ಚಹಾ ಕೊಡುತ್ತಾರೆ, ಗವಿಯ ಮಾತು ಎತ್ತುವುದಿಲ್ಲ.

ಈಗ ನಿಮಗೆ ನಾಲ್ಕು ಮಾತು. ಕೇಳದಿದ್ದರೂ ಹೇಳುವವಳು ನಾನು. ಹಳೆಯ ಗೋಡೆ ತೊಳೆಯುವ ಉಮೇದು ಬಂದರೆ ಮೊದಲು ತಿಳಿದವರನ್ನು ಕೇಳಿ. ತಂತಿ ಬ್ರಶ್ಶು, ಆ್ಯಸಿಡ್ಡು, ಸೋಪಿನ ಪುಡಿ ಮನೆಯಲ್ಲೇ ಇರಲಿ. ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಮೊದಲು ಮಾಡಿ ನೋಡಿ. ಆದರೆ ಬ್ರಶ್ಶು ಹಿಡಿಯುವ ಮುಂಚೆ ಊರವರನ್ನು ಕರೆದು ಕೂರಿಸಿ. ಏನು ಸಿಕ್ಕಿತೋ ಅದನ್ನು ಮೊದಲು ಅವರಿಗೇ ತೋರಿಸಿ, ಅವರ ಮಕ್ಕಳ ಕೈಯಿಂದಲೇ ಟಾರ್ಚು ಹಿಡಿಸಿ ತೋರಿಸಿ. ಮುಚ್ಚಿಟ್ಟದ್ದನ್ನು ಕಾಯಲು ನೀವು ಮೂವರೇ. ತೋರಿಸಿದ್ದನ್ನು ಕಾಯಲು ಒಂದು ಊರು. ಸತ್ಕಾರದ ಮಾತನ್ನೂ ಮೊದಲ ದಿನವೇ ಆಡಿ ಮುಗಿಸಿ, ನಾಚಿಕೆ ಬೇಡ. ಒಂದು ಕಪ್ ಚಹಾ ಸಾಕು, ಕಲ್ಲಿಗೆ ಏನೂ ತಾಗಿಸಬೇಡಿ ಎಂದು ಹಿರಿಯರಿಂದ ಎಲ್ಲರೆದುರು ಮಾತು ತೆಗೆದುಕೊಳ್ಳಿ. ಅಷ್ಟಾಗಿಯೂ ಗೋಡೆ ಕೆಟ್ಟರೆ, ರಿಪೇರಿಗೆ ಬಂದವನನ್ನು ಮೊದಲು ತಡೆಯಿರಿ.

ಎಂದಾದರೂ ಆ ಗವಿಗೆ ಹೋದರೆ ನಮ್ಮ ಹೆಸರುಗಳ ಮುಂದೆ ನಿಲ್ಲಬೇಡಿ. ಎಡಕ್ಕೆ ಬಗ್ಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಿ. ಕರು ಇನ್ನೂ ಕುತ್ತಿಗೆ ತಿರುಗಿಸಿ ತಾಯಿಯನ್ನು ನೋಡುತ್ತಿದೆ. ಉಸಿರು ತಾಗದಷ್ಟು ದೂರ ನಿಲ್ಲಿ.